ಶರಾವತಿ ಹಿನ್ನೀರಿನಲ್ಲಿ ತೇಲಿದ ಆಂಟೆನಾ

ಬೀಳಗಿ ತಾಲ್ಲೂಕಿನವರಿಗೆ ಹಿನ್ನೀರು ಎಂದರೆ ಆಲಮಟ್ಟಿ ನುಂಗಿದ ಎರೆಹೊಲ, ಬಿಟ್ಟುಬಂದ ಊರು, ಪರಿಹಾರದ ಅಲೆದಾಟ. ಇನ್ನೊಂದು ಹಿನ್ನೀರು, ಶರಾವತಿಯದು, ವಿಶ್ವದ ಬಾಲ್ಯದ ಬಗ್ಗೆ ಎದ್ದಿದ್ದ ದೊಡ್ಡ ವ್ಯಾಜ್ಯಕ್ಕೆ ಸಾಕ್ಷಿ ನುಡಿದಿದೆ. ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ಹೇಳಲೇಬೇಕು.

ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕು ಇಂದಿಗೂ ಎಲ್ಲ ದಿಕ್ಕಿನಿಂದ ನಮ್ಮತ್ತ ಬರುತ್ತಿದೆ. ಆಕಾಶ ಹಿಗ್ಗುತ್ತ ಹೋದಂತೆ ತಣಿದು ಈಗ 2.7 ಕೆಲ್ವಿನ್‌ಗೆ ಇಳಿದಿದೆ. ಹಳೆಯ ಟಿ.ವಿ.ಯಲ್ಲಿ ಚಾನೆಲ್ ಸಿಗದಾಗ ಕುಣಿಯುತ್ತಿದ್ದ ಚುಕ್ಕಿಗಳಲ್ಲಿ ಶೇ 1ರಷ್ಟು ಇದರದೇ. ಈ ಹಿನ್ನೆಲೆ ವಿಕಿರಣದಲ್ಲಿ ಲಕ್ಷಕ್ಕೊಂದು ಪಾಲಿನ ಏರುಪೇರು ಇರುವುದನ್ನು 1992ರಲ್ಲಿ ಕೋಬ್ ಉಪಗ್ರಹದ ತಂಡ ತೋರಿಸಿತು. ಬಹುಪಾಲು ವಿಜ್ಞಾನಿಗಳು ಅದರ ಬೇರನ್ನು ಮೊದಲ ಕ್ಷಣದ ಕ್ವಾಂಟಂ ತಳಮಳದಲ್ಲಿ ಕಾಣುತ್ತಾರೆ. ಪರಮಾಣುವಿಗಿಂತ ಚಿಕ್ಕದಾದ ಏರಿಳಿತಗಳನ್ನು ವಿಶ್ವದ ಹಠಾತ್ ಉಬ್ಬರ ಎಳೆದು ಹಿಗ್ಗಿಸಿತು. ತುಸು ದಟ್ಟವಾಗಿದ್ದ ಕಡೆ ಅನಿಲ ಕೂಡಿಕೊಂಡು ಮೊದಲ ನಕ್ಷತ್ರಗಳು ಹೊತ್ತಿಕೊಂಡವು.

ಆ ನಕ್ಷತ್ರಗಳ ಬೆಳಕು ಬಿದ್ದ ಹೈಡ್ರೋಜನ್ ಅನಿಲ ಹಿನ್ನೆಲೆ ವಿಕಿರಣವನ್ನು ಒಂದಿಷ್ಟು ಹೀರಿಕೊಳ್ಳುತ್ತದೆ; ಅಳತೆಯಲ್ಲಿ ಅದು ತಗ್ಗಾಗಿ ಕಾಣುತ್ತದೆ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ಎಡ್ಜಸ್ ಉಪಕರಣ 78 ಮೆಗಾಹರ್ಟ್ಸ್ ಬಳಿ ಆ ತಗ್ಗನ್ನು ಕಂಡಿದೆಯೆಂದು 2018ರಲ್ಲಿ ಪ್ರಕಟವಾಯಿತು. ತಗ್ಗು ಅರ್ಧ ಕೆಲ್ವಿನ್, ನಿರೀಕ್ಷಿಸಿದ್ದಕ್ಕಿಂತ ಎರಡು ಪಟ್ಟು ಆಳ. ಅದು ನಿಜವಾದರೆ ಭೌತವಿಜ್ಞಾನವನ್ನೇ ತಿದ್ದಬೇಕಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಲು ನೀರನ್ನು ಆರಿಸಿಕೊಂಡರು. ಏಕೆ ನೀರು? ನಮ್ಮಲ್ಲಿ ಬೋರು ಕೊರೆಸಿದವರಿಗೆ ಗೊತ್ತು: ಮೇಲೆ ಎರೆ, ಕೆಳಗೆ ಗರಸು, ಆಮೇಲೆ ಕಲ್ಲು. ಒಂದೊಂದು ಪದರವೂ ರೇಡಿಯೊ ಅಲೆಯನ್ನು ಒಂದೊಂದು ಬಗೆಯಲ್ಲಿ ಹಿಂದಕ್ಕೆ ತಳ್ಳುತ್ತದೆ. ಹಾಗೆ ಮರಳಿದ ಅಲೆ ಅಳತೆಯೊಳಗೆ ಸೇರಿದರೆ ಇಲ್ಲದ ತಗ್ಗು ಇದ್ದಂತೆ ತೋರಬಹುದು. ಆಳವಾದ ನಿಂತ ನೀರಿನಲ್ಲಿ ಈ ಪದರಗಳ ಕಾಟವಿಲ್ಲ. ಹಾಗಾಗಿ ಅವರ ಸಾರಸ್-3 ದೂರದರ್ಶಕ ತೆಪ್ಪವೇರಿತು. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ ಮತ್ತು ಶರಾವತಿ ಹಿನ್ನೀರಿನಲ್ಲಿ ತೇಲುತ್ತ ಆಕಾಶವನ್ನು ಆಲಿಸಿತು. ಎಫ್‌.ಎಂ. ಕೇಂದ್ರಗಳ ಸದ್ದು 88 ಮೆಗಾಹರ್ಟ್ಸ್‌ನಿಂದಲೇ ಶುರುವಾಗುವುದರಿಂದ ಪೇಟೆಯಿಂದ ದೂರವೂ ಇರಬೇಕಿತ್ತು. ನಮ್ಮ ಆಕಾಶಗಂಗೆಯ ಗದ್ದಲವೇ ಸಾವಿರ ಕೆಲ್ವಿನ್ ಮೀರುತ್ತದೆ. ಅದರೊಳಗೆ ಹುಡುಕಬೇಕಾದದ್ದು ಅರ್ಧ ಕೆಲ್ವಿನ್!

2022ರ ಫೆಬ್ರುವರಿಯಲ್ಲಿ ನೇಚರ್ ಅಸ್ಟ್ರಾನಮಿ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎಡ್ಜಸ್ ಹೇಳಿದ ಆಕಾರದ ತಗ್ಗು ಅಲ್ಲಿಲ್ಲ. ಈ ನಿರ್ಣಯದ ಖಚಿತತೆ ಶೇ 95.3. ಜಗತ್ತೆಲ್ಲ ಹೊಸ ಸಿದ್ಧಾಂತ ಹೆಣೆಯುತ್ತಿದ್ದಾಗ ಮೊದಲು ಅಳತೆ ಸರಿಯೇ ನೋಡೋಣ ಎಂದು ಹೊರಟ ಆ ಛಲ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮೊದಲ ನಕ್ಷತ್ರಗಳ ನಿಜವಾದ ಗುರುತು ಇನ್ನೂ ಸಿಗಬೇಕಿದೆ. ಅದಕ್ಕಾಗಿ ಇದೇ ಸಂಸ್ಥೆ ಪ್ರತ್ಯೂಷ್ ಎಂಬ ಉಪಕರಣವನ್ನು ರೂಪಿಸುತ್ತಿದೆ. ಭೂಮಿಯ ರೇಡಿಯೊ ಸದ್ದನ್ನು ಚಂದ್ರನೇ ಅಡ್ಡನಿಂತು ತಡೆಯುವ ಆಚೆಬದಿಯಲ್ಲಿ, ಚಂದ್ರನ ಕಕ್ಷೆಯಿಂದಲೇ ಆ ಗುರುತನ್ನು ಹುಡುಕುವುದು ಅವರ ಯೋಜನೆ.