ಕೊಡುವ ಕೈಯ ದುರಾಸೆ

ಪಡೆಯುವುದರಲ್ಲಿ ದುರಾಸೆಯುಂಟೆಂಬುದನ್ನು ಎಲ್ಲರೂ ಬಲ್ಲರು. ಕೊಡುವುದರಲ್ಲಿಯೂ ಅದು ಇರಬಲ್ಲುದೆಂದು ನನಗೆ ಕಲಿಸಿದುದು ಮನೆಯ ಮೂಲೆಯಲ್ಲಿ ಕುಳಿತಿರುವ ಒಂದು ಗಣಕಯಂತ್ರ.

ನಾವು ಪತ್ರ ಬರೆಯುವಾಗ, ಪತ್ರಿಕೆ ಓದುವಾಗ, ಗಣಕದ ಶಕ್ತಿಯಲ್ಲಿ ಬಳಕೆಯಾಗುವುದು ಅತ್ಯಲ್ಪ. ಉಳಿದುದೆಲ್ಲ ಸುಮ್ಮನೆ ಕಾದಿರುತ್ತದೆ. ಈ ಬಿಡುವನ್ನು ವಿಜ್ಞಾನಕ್ಕಾಗಿ ಬೇಡಿ ಪಡೆಯುವ ಯೋಜನೆಗಳಲ್ಲಿ ಬಹು ಪ್ರಸಿದ್ಧವಾದುದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 1999ರ ಮೇ 17ರಂದು ಆರಂಭಿಸಿದ ‘ಸೆಟಿ ಅಟ್ ಹೋಮ್’. ಅರೆಸಿಬೊ ರೇಡಿಯೊ ದೂರದರ್ಶಕವು ಆಕಾಶದಿಂದ ಸಂಗ್ರಹಿಸಿದ ಮಾಹಿತಿಯನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಮನೆಮನೆಯ ಗಣಕಗಳಿಗೆ ಕಳುಹಿಸಿ, ಅನ್ಯಲೋಕದ ಬುದ್ಧಿವಂತ ಜೀವಿಗಳ ಸಂಕೇತವೇನಾದರೂ ಅಡಗಿದೆಯೇ ಎಂದು ಹುಡುಕಿಸುವುದು ಅದರ ಕ್ರಮವಾಗಿತ್ತು. ಮುಂದೆ ಡೇವಿಡ್ ಆಂಡರ್ಸನ್ನರ ನೇತೃತ್ವದಲ್ಲಿ ಅಲ್ಲಿಯೇ ‘ಬೋಯಿಂಕ್’ ಎಂಬ ತಂತ್ರಾಂಶ ಸಿದ್ಧವಾದ ಮೇಲೆ, ಒಂದೇ ಯಂತ್ರವು ಹಲವು ಯೋಜನೆಗಳಿಗೆ ಸರದಿಯಂತೆ ದುಡಿಯುವುದು ಸುಲಭವಾಯಿತು.

ನಾನು 2014ರಲ್ಲಿ ಒಮ್ಮೆಗೇ ನಾಲ್ಕು ಯೋಜನೆಗಳಿಗೆ ಸೇರಿದೆನು. ಸೆಟಿ ಒಂದು, ಗುರುತ್ವದ ಅಲೆಗಳನ್ನೂ ಪಲ್ಸಾರ್ ನಕ್ಷತ್ರಗಳನ್ನೂ ಅರಸುವ ‘ಐನ್‌ಸ್ಟೈನ್ ಅಟ್ ಹೋಮ್’ ಎರಡು, ಆಕ್ಸ್‌ಫರ್ಡಿನವರ ಹವಾಮಾನ ಯೋಜನೆ ಮೂರು, ಕ್ಯಾನ್ಸರಿನ ಗುರುತುಗಳನ್ನು ಹುಡುಕುತ್ತಿದ್ದ ‘ವರ್ಲ್ಡ್ ಕಮ್ಯೂನಿಟಿ ಗ್ರಿಡ್’ ನಾಲ್ಕು. ಯಾವುದನ್ನು ಬಿಡಲಿ? ನಕ್ಷತ್ರ ದೊಡ್ಡದೆನ್ನಲೇ, ರೋಗಿಯ ಪ್ರಾಣ ದೊಡ್ಡದೆನ್ನಲೇ? ತೀರ್ಮಾನಿಸಲಾರದೆ ನಾಲ್ಕಕ್ಕೂ 100ರಂತೆ ಸಮಪಾಲು ಬರೆದು, ಪರಮ ನ್ಯಾಯಾಧೀಶನಂತೆ ತೃಪ್ತಿಪಟ್ಟೆನು. ಸಾಲದೆಂದು, ಹತ್ತು ದಿನಗಳಿಗಾಗುವಷ್ಟು ಕೆಲಸವನ್ನು ಮುಂಚಿತವಾಗಿಯೇ ತರಿಸಿ ಇಟ್ಟುಕೊಳ್ಳುವಂತೆ ಯಂತ್ರಕ್ಕೆ ಆಜ್ಞಾಪಿಸಿದೆನು. ಯಂತ್ರ ಹಗಲಿರುಳೂ ನಡೆಯಿತು.

ತಿಂಗಳು ಕಳೆಯಿತು, ವಿದ್ಯುತ್ತಿನ ಬಿಲ್ಲು ಬಂದಿತು. ಬಿಡುವಿನ ಶಕ್ತಿಯೆಂದರೆ ಪುಕ್ಕಟೆಯ ಶಕ್ತಿಯೆಂದು ನಾನು ಭಾವಿಸಿದ್ದುದು ತಪ್ಪಾಗಿತ್ತು. ಸುಮ್ಮನಿರುವ ಗಣಕಕ್ಕಿಂತ ದುಡಿಯುವ ಗಣಕಕ್ಕೆ ಹಸಿವು ಹೆಚ್ಚು. ಮನೆಯಾಕೆ ಬಿಲ್ಲನ್ನು ನೋಡಿ, “ನಕ್ಷತ್ರಗಳ ದೀಪಕ್ಕೂ ನಾವೇ ದುಡ್ಡು ಕಟ್ಟಬೇಕೇನು?” ಎಂದಳು. ಉತ್ತರವಿರಲಿಲ್ಲ. ಅಂದಿನಿಂದ ಯಂತ್ರಕ್ಕೆ ದಿನಕ್ಕೆ ಆರು ಗಂಟೆಗಳ ದುಡಿಮೆ ಮಾತ್ರ ಎಂದು ಗೊತ್ತುಮಾಡಿದೆನು.

ಆದರೆ ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕದಲ್ಲಿ ತರಿಸಿದ ಕೆಲಸ ಆಗಲೇ ಮನೆಯೊಳಗೆ ರಾಶಿಬಿದ್ದಿತ್ತು. ಪ್ರತಿಯೊಂದಕ್ಕೂ ಒಂದು ಗಡುವುಂಟು. ಗಡುವು ಮೀರುವ ಭಯ ಬಂದಾಗ ತಂತ್ರಾಂಶವು ಪಾಲಿನ ನ್ಯಾಯವನ್ನು ಬದಿಗಿಟ್ಟು, ಯಾವುದರ ಅವಧಿ ಮೊದಲು ಮುಗಿಯುವುದೋ ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತದೆ. ಗಡುವು ದೂರವಿದ್ದ ಹವಾಮಾನದ ಲೆಕ್ಕ ದಿನಗಟ್ಟಲೆ ಇದ್ದಲ್ಲೇ ನಿಂತಿತು. ಹದಿನಾಲ್ಕು ದಿನಗಳ ಗಡುವಿನ ಐನ್‌ಸ್ಟೈನ್ ಕೆಲಸಗಳಲ್ಲಿ ಎಷ್ಟೋ ಕೈತಪ್ಪಿಹೋದವು.

ಅದರಿಂದ ನಷ್ಟವಾದುದು ನನಗಲ್ಲ. ಫಲಿತಾಂಶವನ್ನು ತಾಳೆನೋಡುವುದಕ್ಕಾಗಿ ಒಂದೇ ಕೆಲಸವನ್ನು ಎರಡು ಯಂತ್ರಗಳಿಗೆ ಕೊಡುವುದು ಅಲ್ಲಿಯ ರೂಢಿ. ಯಾವುದೋ ದೇಶದ ಯಾರೋ ಒಬ್ಬನು ತನ್ನ ಪಾಲನ್ನು ವೇಳೆಗೆ ಸರಿಯಾಗಿ ಒಪ್ಪಿಸಿ, ನನ್ನ ಉತ್ತರಕ್ಕಾಗಿ ಕಾದಿದ್ದನು. ನಾನು ಕೊಡದೆ ಹೋದುದರಿಂದ ಅದೇ ಕೆಲಸವನ್ನು ಮೂರನೆಯವನೊಬ್ಬನು ಮೊದಲಿನಿಂದ ಮಾಡಬೇಕಾಯಿತು. ನಾಲ್ವರಿಗೂ ಉಪಕಾರಿಯಾಗಲು ಹೊರಟವನು ಕಾಣದ ಇಬ್ಬರಿಗೆ ಹೊರೆಯಾದೆನು.

ಬೋಯಿಂಕ್‌ನ ಹಿಂದಿನ ಆವೃತ್ತಿಗಳಲ್ಲಿ, ಪಾಲಿಗಿಂತ ಕಡಮೆ ದುಡಿಮೆ ಪಡೆದ ಯೋಜನೆಗೆ ಸಲ್ಲಬೇಕಾದ ಬಾಕಿಯನ್ನು ‘ಋಣ’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಇಂದು ಒಂದಕ್ಕೆ ಹೆಚ್ಚು ಸಂದರೆ ನಾಳೆ ಇನ್ನೊಂದಕ್ಕೆ ಸಲ್ಲಿಸಿ ತಕ್ಕಡಿಯನ್ನು ಸರಿದೂಗಿಸುವುದು ಅದರ ಧರ್ಮ. ಸಮತೆಯೆಂಬುದು ದಿನದ ಲೆಕ್ಕವಲ್ಲ, ಬಹುಕಾಲದ ಲೆಕ್ಕ. ಆದರೆ ಸಾಲಗಾರನ ಶಕ್ತಿಗೆ ಮೀರಿದ ಸಾಲವನ್ನು ಯಾವ ತಕ್ಕಡಿಯೂ ತೀರಿಸಲಾರದು.

ಆಮೇಲೆ ನಾನು ಸಂಗ್ರಹವನ್ನು ಹತ್ತು ದಿನಗಳಿಂದ ಅರ್ಧ ದಿನಕ್ಕೆ ಇಳಿಸಿದೆನು. ಐನ್‌ಸ್ಟೈನ್‌ಗೆ 300, ಹವಾಮಾನಕ್ಕೆ 100 ಎಂದು ಬರೆದೆನು. ಎಂದರೆ ಮುಕ್ಕಾಲು ಮತ್ತು ಕಾಲು. ಸೆಟಿಯ ಪಾಲನ್ನು ಸೊನ್ನೆ ಮಾಡಿದೆನು. ಸೊನ್ನೆಯೆಂದರೆ ಬಹಿಷ್ಕಾರವಲ್ಲ, ಉಳಿದವರಲ್ಲಿ ಕೆಲಸವಿಲ್ಲದಾಗ ಮಾತ್ರ ಅದಕ್ಕೆ ಕರೆ. ಕ್ಯಾನ್ಸರಿನ ಕೆಲಸವನ್ನು, ಕೈಯಲ್ಲಿದ್ದುದನ್ನು ಮುಗಿಸಿ ಒಪ್ಪಿಸಿದ ಮೇಲೆ, ನಮಸ್ಕರಿಸಿ ಬಿಟ್ಟೆನು. ಹಾಗೆ ಬಿಡುವಾಗ ಮನಸ್ಸು ನೊಂದುದನ್ನು ಮುಚ್ಚಿಡಲಾರೆ.

ಸೆಟಿಯು 2020ರ ಮಾರ್ಚ್ 31ರಂದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಅನ್ಯಲೋಕದ ಸಂಕೇತವೊಂದೂ ಸಿಕ್ಕಿರಲಿಲ್ಲ. ಆದರೂ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಲಕ್ಷಾಂತರ ಜನ ಆಕಾಶಕ್ಕೆ ಕಿವಿಗೊಟ್ಟಿದ್ದರೆಂಬುದು ಸಣ್ಣ ಸಂಗತಿಯಲ್ಲ.

ಈಗಲೂ ರಾತ್ರಿ ಆರು ಗಂಟೆಗಳ ಕಾಲ ಆ ಮೂಲೆಯಲ್ಲಿ ಬೀಸಣಿಗೆಯ ಸಣ್ಣ ಸದ್ದು ಕೇಳುತ್ತದೆ. ಕೊಡುವುದು ಸ್ವಲ್ಪವೇ, ಆದರೆ ಕೊಡುತ್ತೇನೆಂದುದನ್ನು ವೇಳೆಗೆ ಸರಿಯಾಗಿ ಕೊಡುತ್ತೇನೆ. ಬಿಲ್ಲು ಬಂದಾಗ ಮನೆಯಾಕೆ ಈಗ ಏನೂ ಹೇಳುವುದಿಲ್ಲ.