ಒತ್ತಕ್ಷರ ಕಾಣುವ ಪರದೆ

ಮಣ್ಣಿನ ಗಡಿಗೆಯನ್ನು ಕೊಳ್ಳುವವರು ಬೆರಳಿನಿಂದ ಬಾರಿಸಿ ಅದರ ದನಿಯನ್ನು ಕೇಳುತ್ತಾರೆ. ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಕ್ಕಿಯ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾರೆ. ಗಣಕಯಂತ್ರದ ಮಾನಿಟರನ್ನು ಕೊಳ್ಳುವಾಗ ಮಾತ್ರ ಈ ವಿವೇಕವೆಲ್ಲ ಎಲ್ಲಿಯೋ ಅಡಗಿಹೋಗುತ್ತದೆ. ಡಬ್ಬದ ಮೇಲೆ ಅಚ್ಚಾದ ಇಂಚುಗಳ ಅಂಕಿಯೊಂದೇ ಪ್ರಮಾಣವಾಗಿಬಿಡುತ್ತದೆ. ಅಂಕಿ ದೊಡ್ಡದಾದಷ್ಟೂ ವಸ್ತು ಉತ್ತಮವೆಂಬ ನಂಬಿಕೆಯಿಂದ ಹಣ ತೆತ್ತು ಬಂದ ಮೇಲೆ, ಮನೆಯಲ್ಲಿ ಕನ್ನಡದ ಒಂದು ಪುಟವನ್ನು ತೆರೆದಾಗ ಕಣ್ಣು ತೆರೆಯುತ್ತದೆ.

ಹೊಸಪೇಟೆಯಂಥ ಊರಿನ ಮಧ್ಯಮ ವರ್ಗದ ಕುಟುಂಬಕ್ಕೆ ಹೊಸ ಮಾನಿಟರೆಂದರೆ ಐದಾರು ವರ್ಷಕ್ಕೊಮ್ಮೆ, ಹತ್ತು ವರ್ಷಕ್ಕೊಮ್ಮೆ ಮಾಡುವ ವೆಚ್ಚ. ಅದರ ಮುಂದೆ ಕಾಲೇಜಿನ ಮಗಳು ಪರೀಕ್ಷೆಗೆ ಓದಬೇಕು. ತಂದೆ ಲೆಕ್ಕ ಬರೆಯಬೇಕು. ಅಜ್ಜ ದಿನಪತ್ರಿಕೆಯನ್ನು ನೋಡಬೇಕು. ಒಮ್ಮೆ ತಪ್ಪಿದ ಆಯ್ಕೆಯ ಫಲವನ್ನು ಮೂರು ತಲೆಮಾರಿನ ಕಣ್ಣುಗಳು ಅಷ್ಟೂ ವರ್ಷ ಅನುಭವಿಸಬೇಕಾಗುತ್ತದೆ.

ಅಂಕಿಯ ಮಾಯೆ

ಮಾನಿಟರಿನ ಅಳತೆಯನ್ನು ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಅಳೆಯುತ್ತಾರೆ. ಇದರಲ್ಲಿ ಒಂದು ಮೋಸ ಅಡಗಿದೆ. ಗಾಜಿನ ಕೊಳವೆಯ ಹಳೆಯ 17 ಇಂಚಿನ ಮಾನಿಟರಿನಲ್ಲಿ ಕಣ್ಣಿಗೆ ಕಾಣುತ್ತಿದ್ದುದು ಸುಮಾರು 16 ಇಂಚು. ಅದರ ಎತ್ತರ ಒಂಬತ್ತೂವರೆ ಇಂಚಿಗೆ ಸಮೀಪ. ಅದರ ಸ್ಥಾನಕ್ಕೆ ಅಗಲವಾದ 18.5 ಇಂಚಿನ ಚಪ್ಪಟೆ ಪರದೆಯನ್ನು ತಂದರೆ ಎತ್ತರ ಒಂಬತ್ತು ಇಂಚಿಗೆ ಇಳಿಯುತ್ತದೆ. ಅಂಕಿ ಏರಿತು, ಪುಟ ಕುಗ್ಗಿತು! ಅಗಲವಾದ ಪರದೆ ಚಲನಚಿತ್ರಕ್ಕೆ ಒಪ್ಪುತ್ತದೆ. ಮೇಲಿನಿಂದ ಕೆಳಕ್ಕೆ ಓದುವವರಿಗೆ ಬೇಕಾದುದು ಎತ್ತರ. ಓದುವ ಮನೆಗೆ 21.5 ಇಂಚಿಗಿಂತ ಕಡಿಮೆಯದನ್ನು ತರದಿರುವುದು ಲೇಸು. ಅದರ ಎತ್ತರ ಹತ್ತೂವರೆ ಇಂಚು.

ಹಾಗೆಂದು 27 ಇಂಚಿಗೆ ಹಾರುವುದೂ ಜಾಣತನವಲ್ಲ. ಪರದೆಯ ಮೇಲಿನ ಚಿತ್ರವೆಲ್ಲವೂ ಪಿಕ್ಸೆಲ್ ಎಂಬ ಸೂಕ್ಷ್ಮ ಬಿಂದುಗಳಿಂದ ಆದದ್ದು. ಅಂಗಡಿಗಳಲ್ಲಿ ದೊರೆಯುವ ಸಾಮಾನ್ಯ ಮಾನಿಟರುಗಳಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. ಇಷ್ಟೇ ಬಿಂದುಗಳನ್ನು 21.5 ಇಂಚಿನಲ್ಲಿ ಹರಡಿದರೆ ಪ್ರತಿ ಇಂಚಿಗೆ ಸುಮಾರು 102 ದೊರೆಯುತ್ತವೆ, 23.8 ಇಂಚಿನಲ್ಲಿ ಸುಮಾರು 93; 27 ಇಂಚಿನಲ್ಲಿ 82 ಮಾತ್ರ. ಒಂದೇ ಹಿಡಿ ರಾಗಿಯನ್ನು ಸಣ್ಣ ಮಡಿಯಲ್ಲಿ ಬಿತ್ತುವುದಕ್ಕೂ ದೊಡ್ಡ ಹೊಲದಲ್ಲಿ ಎರಚುವುದಕ್ಕೂ ಇರುವ ವ್ಯತ್ಯಾಸವಿದು. 27 ಇಂಚೇ ಬೇಕೆನ್ನುವವರು 2560ಕ್ಕೆ 1440 ಬಿಂದುಗಳಿರುವುದನ್ನು ಕೇಳಿ ಪಡೆಯಬೇಕು. ಆಗ ಇಂಚಿಗೆ 109ರಷ್ಟು ಬಿಂದುಗಳು ದೊರೆಯುತ್ತವೆ.

ದನವೋ, ಧನವೋ?

ಇಂಗ್ಲಿಷಿನ ಓದುಗರಿಗೆ ಈ ಲೆಕ್ಕಾಚಾರ ಅಷ್ಟು ಮುಖ್ಯವೆನಿಸದಿರಬಹುದು. ಕನ್ನಡಿಗರಿಗೆ ಇದು ಮುಖ್ಯ. ಕನ್ನಡದ ಅಕ್ಷರ ದುಂಡಗಿನದು. ಅದರ ಒತ್ತು ಗೆರೆಯ ಕೆಳಗೆ ಕಿರಿದಾಗಿ ಕುಳಿತಿರುತ್ತದೆ. ‘ಸ್ವಾತಂತ್ರ್ಯ’ ಎಂಬ ಒಂದು ಪದದ ಕೊನೆಯ ಅಕ್ಷರವೊಂದರಲ್ಲಿಯೇ ಎರಡು ಒತ್ತುಗಳು ಸೇರಿಕೊಂಡಿವೆ. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಕೆಳಗಿನ ಒಂದು ಸಣ್ಣ ಸೀಳು. ಧಕಾರಕ್ಕೂ ಥಕಾರಕ್ಕೂ ಇರುವ ಭೇದ ಹೊಟ್ಟೆಯೊಳಗಿನ ಒಂದು ಚುಕ್ಕೆ. ಬಿಂದುಗಳು ವಿರಳವಾದ ಪರದೆಯಲ್ಲಿ ಮೊದಲು ಮಾಯವಾಗುವುದು ಈ ಸೀಳು, ಈ ಚುಕ್ಕೆಗಳೇ. ಧನವನ್ನು ಕೊಟ್ಟು ತಂದ ಪರದೆಯಲ್ಲಿ ಅದೇ ಧನವು ದನವಾಗಿ ಕಂಡರೆ ಯಾರನ್ನು ದೂರಬೇಕು?

ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1991ರಲ್ಲಿ ಸ್ಥಾಪನೆಯಾದದ್ದು. ಹಸ್ತಪ್ರತಿಗಳ ಛಾಯಾಚಿತ್ರವನ್ನು ಪರದೆಯ ಮೇಲೆ ಓದುವ ವಿದ್ಯಾರ್ಥಿಗೆ ಒಂದು ಚುಕ್ಕೆ ತಪ್ಪಿದರೆ ಪಾಠವೇ ತಪ್ಪಿತು. ವಿದ್ವಾಂಸರಿಗೆ ಮಾತ್ರ ಈ ಕಷ್ಟವೆಂದು ಭಾವಿಸಬೇಕಾಗಿಲ್ಲ. ತುಂಗಭದ್ರೆಯ ದಡದ ಕಂಪ್ಲಿಯಲ್ಲಿ ಭತ್ತ, ಕಬ್ಬು ಬೆಳೆಯುವ ಕುಟುಂಬವು ತನ್ನ ಪಹಣಿಯನ್ನು ಪರದೆಯ ಮೇಲೆ ತೆರೆದಾಗ, ಇಕ್ಕಟ್ಟಾದ ಕೋಷ್ಟಕಗಳಲ್ಲಿ ಮನೆತನದ ಹೆಸರೂ ಸರ್ವೆ ನಂಬರೂ ಸ್ಪಷ್ಟವಾಗಿ ಕಾಣಲೇಬೇಕು. ಅಲ್ಲಿ ಮಸುಕಾದ ಅಕ್ಷರವು ಜಮೀನಿನ ಪ್ರಶ್ನೆ.

ಬಣ್ಣದ ಮಾತು

ಅಕ್ಷರದ ನಂತರ ಬಣ್ಣ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಸಂಡೂರಿನ ಲಂಬಾಣಿ ಕಸೂತಿಯ ಚಿತ್ರವನ್ನು ಅಗ್ಗದ ಪರದೆಯ ಮೇಲೆ ನೋಡಬೇಕು. ಎದುರಿಗೆ ಕುಳಿತಾಗ ಕೆಂಪಾಗಿ ತೋರಿದ ದಾರವು ಸ್ವಲ್ಪ ಬಗ್ಗಿದರೆ ಕಂದುತ್ತದೆ. ಪಕ್ಕಕ್ಕೆ ಸರಿದರೆ ಬಿಳಿಚಿಕೊಳ್ಳುತ್ತದೆ. ಇದು ಟಿ.ಎನ್. ಎಂಬ ಜಾತಿಯ ಪರದೆಯ ಲಕ್ಷಣ. ಐ.ಪಿ.ಎಸ್. ಎಂಬ ಜಾತಿಯಲ್ಲಿ ಬಣ್ಣವು ಓರೆಯಿಂದ ನೋಡಿದರೂ ಬಹುಮಟ್ಟಿಗೆ ಸ್ಥಿರ. ಒಂದೇ ಪರದೆಯ ಮುಂದೆ ಮೂವರು ಕೂಡುವ ಮನೆಗೆ ಎರಡನೆಯದೇ ಸರಿಯಾದುದು.

ಈ ಚಪ್ಪಟೆ ಪರದೆಯ ಕಥೆ ಸ್ವಾರಸ್ಯವಾದದ್ದು. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಷ್ ರೈನಿಟ್ಜರ್ ಗಜ್ಜರಿಯಿಂದ ತೆಗೆದ ಪದಾರ್ಥವೊಂದನ್ನು ಕಾಯಿಸುತ್ತಿದ್ದಾಗ, ಅದು ತಿಳಿ ದ್ರವವಾಗುವ ಮುನ್ನ ದ್ರವವೂ ಅಲ್ಲದ, ಘನವೂ ಅಲ್ಲದ ನಡುವಣ ಸ್ಥಿತಿಯೊಂದನ್ನು ತಾಳಿತು. ಅದೇ ದ್ರವಸ್ಫಟಿಕ. ವಿದ್ಯುತ್ತಿನ ಸಂಜ್ಞೆಗೆ ತಕ್ಕಂತೆ ಇದರ ಅಣುಗಳು ಹೊರಳಿ, ಹಿಂದಿನ ದೀಪದ ಬೆಳಕನ್ನು ಬಿಡುತ್ತವೆ ಅಥವಾ ತಡೆಯುತ್ತವೆ. ಪ್ರತಿ ಬಿಂದುವಿನಲ್ಲಿಯೂ ಕೆಂಪು, ಹಸಿರು, ನೀಲಿಯ ಮೂರು ಪುಟ್ಟ ಕಿಟಕಿಗಳಿದ್ದು, ಅವುಗಳ ಮಿಶ್ರಣದಿಂದ ಎಲ್ಲ ಬಣ್ಣಗಳೂ ಹುಟ್ಟುತ್ತವೆ.

ಈ ಕಥೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಶಿವರಾಮಕೃಷ್ಣ ಚಂದ್ರಶೇಖರ್ ಅವರೂ ಸಹೋದ್ಯೋಗಿಗಳೂ 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಬಿಲ್ಲೆಯಾಕಾರದ ಅಣುಗಳಿಂದಾದ ಹೊಸ ಬಗೆಯ ದ್ರವಸ್ಫಟಿಕವನ್ನು ಕಂಡುಹಿಡಿದರು. ಮುಂದೆ ಜಪಾನಿನಲ್ಲಿ ಈ ಬಗೆಯ ಅಣುಗಳ ತೆಳುಪೊರೆಯನ್ನು ತಯಾರಿಸಿ ಪರದೆಗಳಿಗೆ ಹೊದಿಸಿದಾಗ, ಓರೆನೋಟಕ್ಕೆ ಬಣ್ಣ ಕೆಡುವ ದೋಷವು ಬಹಳ ಮಟ್ಟಿಗೆ ತಗ್ಗಿತು.

ಮನೆಗೆ ತಂದ ಮೇಲೆ

ಪರದೆಯನ್ನು ಕಿಟಕಿಗೆ ಎದುರಾಗಿಯೂ ಬೆನ್ನಾಗಿಯೂ ಇಡದೆ ಪಕ್ಕಕ್ಕೆ ಇಡಬೇಕು. ಹೊಸಪೇಟೆಯ ಬೇಸಗೆಯ ಬೆಳಕಿನಲ್ಲಿ ಮಿರುಗುವ ಪರದೆಯು ಕನ್ನಡಿಯಂತಾಗುವುದರಿಂದ ಹೊಳಪಿಲ್ಲದ ಮೇಲ್ಮೈ ಹಿತಕರ. ಕಣ್ಣಿಗೂ ಪರದೆಗೂ ಒಂದು ತೋಳಿನ ಅಂತರವಿರಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟವನ್ನು ಮೀರದಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ದೃಷ್ಟಿಯನ್ನು ದೂರಕ್ಕೆ ಹಾಯಿಸುವ ಅಭ್ಯಾಸವು ಎಷ್ಟು ಬೆಲೆಯ ಪರದೆಗೂ ಅಗತ್ಯ.

ಹಿರಿಯರಿಗೆ ಅಕ್ಷರ ದೊಡ್ಡದಾಗಿ ಕಾಣಲೆಂದು ಬಿಂದುಗಳ ಸಂಖ್ಯೆಯನ್ನೇ ಇಳಿಸುವ ರೂಢಿಯೊಂದಿದೆ. ಗಾಜಿನ ಕೊಳವೆಯ ಕಾಲಕ್ಕೆ ಅದು ನಡೆಯುತ್ತಿತ್ತು. ಚಪ್ಪಟೆ ಪರದೆಯ ಬಿಂದುಗಳಾದರೋ ಎಣಿಸಿ ಕೂಡಿಸಿದವು. ಸಂಖ್ಯೆಯನ್ನು ಇಳಿಸಿದರೆ ಅಕ್ಷರ ದೊಡ್ಡದಾಗುವುದರ ಜೊತೆಗೆ ಮಸುಕೂ ಆಗುತ್ತದೆ. ಬಿಂದುಗಳನ್ನು ಪೂರ್ಣವಾಗಿ ಉಳಿಸಿಕೊಂಡು, ಅಕ್ಷರದ ಪ್ರಮಾಣವನ್ನು ಮಾತ್ರ ಶೇಕಡ 125ಕ್ಕೋ 150ಕ್ಕೋ ಏರಿಸುವುದು ಸರಿಯಾದ ದಾರಿ.

ಅಂಗಡಿಗೆ ಹೊರಡುವ ಮುನ್ನ ಗಣಕದ ಬೆನ್ನನ್ನು ಒಮ್ಮೆ ನೋಡಿಕೊಳ್ಳಬೇಕು. ಹಳೆಯ ಗಣಕದಲ್ಲಿ ಹದಿನೈದು ತೂತುಗಳ ವಿ.ಜಿ.ಎ. ಕಿಂಡಿ ಮಾತ್ರ ಇದ್ದರೆ, ಎಚ್.ಡಿ.ಎಂ.ಐ. ಮಾತ್ರವಿರುವ ಹೊಸ ಪರದೆಯನ್ನು ಅದಕ್ಕೆ ನೇರವಾಗಿ ಜೋಡಿಸಲಾಗದು. ಉಳಿತಾಯದ ಮಾತೂ ಒಂದುಂಟು. ಕೊಳವೆಯ ಮಾನಿಟರು 70 ವ್ಯಾಟಿನಷ್ಟು ವಿದ್ಯುತ್ತನ್ನು ನುಂಗಿದರೆ ಹೊಸದಕ್ಕೆ 20-25 ವ್ಯಾಟು ಸಾಕು. ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ 65 ಯೂನಿಟ್ಟಿಗಿಂತ ಹೆಚ್ಚು ಉಳಿಯುತ್ತದೆ. ವಿದ್ಯುತ್ತು ನಿಂತಾಗ ಯು.ಪಿ.ಎಸ್. ಹೆಚ್ಚು ಹೊತ್ತು ಬಾಳುತ್ತದೆ.

ಹಳೆಯದರ ಗತಿ

ಇಳಿಸಿದ ಮಾನಿಟರನ್ನು ಗುಜರಿಗೆ ಹಾಕುವುದು ಸುಲಭ, ಆದರೆ ಕ್ಷೇಮವಲ್ಲ. ಕೊಳವೆಯ ಗಾಜಿನಲ್ಲಿ ಒಂದು ಕಿಲೋಗ್ರಾಮಿಗೂ ಹೆಚ್ಚು ಸೀಸವಿರುವುದುಂಟು. ಮೊದಲ ಕಾಲದ ಚಪ್ಪಟೆ ಪರದೆಗಳ ಹಿಂದಿನ ದೀಪದಲ್ಲಿ ಪಾದರಸವಿತ್ತು. ತಾಮ್ರದ ಆಸೆಗೆ ಒಡೆದು ಚೆಲ್ಲಿದ ಗಾಜು ಕಾಲುವೆಯ ದಡಕ್ಕೆ ಸೇರಿದರೆ, ತುಂಗಭದ್ರೆಯ ನೀರನ್ನು ನಂಬಿದ ಗದ್ದೆಗಳಿಗೆ ಅದು ಒಳ್ಳೆಯದಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಇಂಥವನ್ನು ನೋಂದಾಯಿತ ಮರುಬಳಕೆದಾರರೇ ಬಿಚ್ಚಬೇಕು. ಹಳೆಯದನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಇದೆಯೇ ಎಂದು ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಕೇಳುವುದು ಉಚಿತ.

ಅಂಗಡಿಯವರು ಪರದೆಯ ಮೇಲೆ ತೋರಿಸುವುದು ಸಾಮಾನ್ಯವಾಗಿ ಹೂವು, ಹಕ್ಕಿ, ಸಮುದ್ರಗಳ ಬಣ್ಣಬಣ್ಣದ ಚಿತ್ರಗಳನ್ನು. ಅವು ಯಾವ ಪರದೆಯಲ್ಲಿಯೂ ಚೆನ್ನಾಗಿಯೇ ಕಾಣುತ್ತವೆ. ಮನೆಯಿಂದ ಪೆನ್‌ಡ್ರೈವಿನಲ್ಲಿ ಒತ್ತಕ್ಷರಗಳು ಹೇರಳವಾಗಿರುವ ಕನ್ನಡದ ಒಂದು ಪುಟವನ್ನು ಕೊಂಡೊಯ್ದು, ಅದನ್ನು ತೆರೆಯುವಂತೆ ಕೇಳಬೇಕು. ಜೊತೆಗೆ ಬಂದ ಅಜ್ಜನನ್ನು ತೋಳಿನಳತೆಯ ದೂರದಲ್ಲಿ ಕೂರಿಸಿ ಓದಿಸಬೇಕು. ತಡವರಿಸದೆ ಅವರು ಓದಿದ ಪರದೆಯೇ ಆ ಮನೆಯ ಪರದೆ.