ತಲೆಕಟ್ಟು, ಒತ್ತು, ಸೀಸದ ಮೊಳೆ

ರೋಣ ತಾಲ್ಲೂಕಿನ ಅಸೂಟಿಯಂಥ ಊರುಗಳಿಗೆ ಅಚ್ಚಿನ ಕೆಲಸವೆಂದರೆ ಗದಗ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ನಾಟಕದ ಪೋಸ್ಟರು ಯಾವುದಿದ್ದರೂ ಆ ಕಡೆಗೇ ಮುಖ. ಪಕ್ಕದ ಬೆಟಗೇರಿಯ ಮಗ್ಗಕ್ಕೆ ಎಷ್ಟು ಹೆಸರೋ ಗದಗಿನ ಪ್ರೆಸ್ಸುಗಳಿಗೂ ಅಷ್ಟೇ ಹೆಸರು. ಶಾಬಾದಿಮಠದವರ ಪುಸ್ತಕಗಳು ಹೊರಟಿದ್ದು ಇಲ್ಲಿಂದ. 1976ರಲ್ಲಿ ಒಂದೇ ಲಾರಿ ಇಟ್ಟುಕೊಂಡು ಸಾರಿಗೆಗಿಳಿದ ವಿಜಯ ಸಂಕೇಶ್ವರರ ಗದಗಿನ ಮನೆತನದ ಕಸುಬೂ ಮುದ್ರಣವೇ.

ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಸ್ತಕ ಸಿಕ್ಕರೆ ಹತ್ತಿರ ಹಿಡಿದು ನೋಡಿ. ಅಕ್ಷರದ ಗೆರೆ ಒಂದೇ ದಪ್ಪವಿಲ್ಲ. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸಣ್ಣಗಾಗುತ್ತದೆ. ಹಾಳೆಯ ಹಿಂದೆ ಬೆರಳಾಡಿಸಿದರೆ ಮೊಳೆ ಒತ್ತಿದ ಉಬ್ಬು ತಗಲುವುದೂ ಉಂಟು. ಇಂಗ್ಲಿಷ್ ಅಕ್ಷರಗಳ ತುದಿಗೆ ಸೆರಿಫ್ ಎಂಬ ಪುಟ್ಟ ಚಾಚು ಇರುತ್ತದಲ್ಲ, 1932ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಬಳಕೆಗೆ ತಂದ ಟೈಮ್ಸ್ ನ್ಯೂ ರೋಮನ್ನಿನಲ್ಲಿ ಇರುವಂಥದ್ದು, ಅದನ್ನು ಕನ್ನಡಕ್ಕೆ ಅಂಟಿಸಬೇಕಾಗಿಲ್ಲ. ನಮಗೆ ತಲೆಕಟ್ಟು ಇದೆ. ಸಾಲಿನುದ್ದಕ್ಕೂ ಒಂದೇ ಎತ್ತರದಲ್ಲಿ ಕೂತ ತಲೆಕಟ್ಟುಗಳು ಕಣ್ಣಿಗೆ ಹಳಿ ಹಾಕಿಕೊಡುತ್ತವೆ.

ಕಾಟ ಕೊಡುವುದು ಒತ್ತಕ್ಷರ. ‘ರಾಷ್ಟ್ರ’ದಲ್ಲಿ ಷಕಾರದಡಿ ಟಕಾರವೂ ರಕಾರವೂ ಇಳಿಯಬೇಕು. ಅವಕ್ಕೆ ಜಾಗ ಬಿಡಬೇಕಾದ್ದರಿಂದ ಮೇಲಿನ ಅಕ್ಷರ ಕುಗ್ಗುತ್ತದೆ. 12 ಪಾಯಿಂಟಿನ ಇಂಗ್ಲಿಷ್ ಪಕ್ಕದಲ್ಲಿ 12 ಪಾಯಿಂಟಿನ ಕನ್ನಡ ಬಡಕಲಾಗಿ ಕಾಣುವುದು ಇದಕ್ಕೇ. ಸಾಲುಗಳ ನಡುವೆ ಸೀಸದ ಪಟ್ಟಿ ಹಾಕದೆ ಬಿಗಿದರೆ ಪುಟವೆಲ್ಲ ಕಪ್ಪು. ಕಾಗದ ಉಳಿಸಲು ಹೋದ ಸಸ್ತಾ ಪುಸ್ತಕಗಳನ್ನು ಓದುವುದು ತ್ರಾಸು. ಕಂಪೋಸಿಟರನ ಮುಂದೆ ಮೂಲಾಕ್ಷರ, ಗುಣಿತ, ಒತ್ತು ಎಂದು ಕೇಸಿನ ತುಂಬ ಖಾನೆಗಳು. ಮೊಳೆಯ ಮೇಲೆ ಅಕ್ಷರ ಉಲ್ಟಾ. ಪಳಗಿದವನು ಖಾನೆಯ ಕಡೆ ನೋಡದೆ ಹೆಕ್ಕುತ್ತಿದ್ದ, ಉಲ್ಟಾ ಸಾಲನ್ನು ಸಲೀಸಾಗಿ ಓದುತ್ತಿದ್ದ.

ಈ ಅಕ್ಷರ ಒಬ್ಬರೇ ಕೂತು ಬರೆದದ್ದಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು, ಅಂದರೆ ಕೈಬರಹವೇ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಮೊಳೆಗಳು ಬಂದ ಮೇಲೆ ಅಕ್ಷರ ಹದಗೊಂಡಿತು. ಅಲ್ಲೇ ಅಚ್ಚಾದ 1894ರ ಕಿಟೆಲ್ ನಿಘಂಟಿನಲ್ಲಿ ಕನ್ನಡ, ರೋಮನ್ ಎರಡೂ ಒಂದೇ ಪುಟದಲ್ಲಿ ಜಗಳವಿಲ್ಲದೆ ಕೂತಿವೆ. ಆ ಪುಟ ನೋಡಿದಾಗಲೆಲ್ಲ ಜೋಡಿಸಿದವರ ತಾಳ್ಮೆಗೆ ಕೈಮುಗಿಯಬೇಕೆನಿಸುತ್ತದೆ.

ಸೀಸ ಹೋಗಿ ಕಂಪ್ಯೂಟರ್ ಬಂತು. ಬರಹ, ನುಡಿ ತಂತ್ರಾಂಶಗಳು ಬಂದವು, ವಿಂಡೋಸ್ ಜೊತೆಗೆ ತುಂಗಾ ಫಾಂಟು. ಫೋನಿನ ಪರದೆಗೂ ಬಸ್ಸಿನ ಬೋರ್ಡಿಗೂ ಒಂದೇ ದಪ್ಪದ ಗೆರೆಯೇ ಸರಿ. ಆದರೆ ಕಾದಂಬರಿಗೆ, ಪುರಾಣಕ್ಕೆ ನನ್ನ ಓಟು ದಪ್ಪ-ತೆಳುವಿನ ಅಕ್ಷರಕ್ಕೇ. ನೋಟೋ ಸೆರಿಫ್ ಕನ್ನಡದಂಥವು ಪುಕ್ಕಟೆ ಸಿಗುತ್ತವೆ. ಲಗ್ನಪತ್ರಿಕೆಯಲ್ಲೂ ವಧು-ವರರ ಹೆಸರಿಗೆ ಬೇಕಾದಷ್ಟು ಬಳ್ಳಿ ಸುತ್ತಿಸಿ, ಮುಹೂರ್ತ ಮತ್ತು ಸ್ಥಳಕ್ಕೆ ಇಂಥದ್ದನ್ನು ಹಾಕಿಸಿದರೆ ಹಿರಿಯರಿಗೆ ಉಪಕಾರ. ಡಿಟಿಪಿಯವರು ತೋರಿಸುವ ‘ಅ ಆ ಇ ಈ’ ನೋಡಿ ಒಪ್ಪಬೇಡಿ. ರಾಷ್ಟ್ರ, ಸ್ತ್ರೀ, ಕೃಷ್ಣ ಎಂದು ಎರಡು ಸಾಲು ಹೊಡೆಸಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆಯೇ ನೋಡಿ.